ಒರಗಿ ತುಳಿಯುವ ಸೈಕಲ್ಲಿಗಾಗಿ ಧಾರಾವಿಗೆ

ಮುಂಬಯಿಗೆ ನಾನು ಮೊದಲೂ ಹೋಗಿದ್ದೆ. ತಂಗಿಯ ಬಾಣಂತನಕ್ಕೆ ಒಮ್ಮೆ, ಅವಳು ಚೆಂಬೂರಿನಲ್ಲಿ ಸ್ವಂತ ಮನೆ ಮಾಡಿದಾಗ ಒಮ್ಮೆ. ಈ ಸಲ ಹೊರಟದ್ದು ಸೈಕಲ್ಲು ಮಾಡಿಸಿಕೊಂಡು ಬರುವುದಕ್ಕೆ. ಡಿಸೆಂಬರಿನ ಒಂದು ರವಿವಾರ ಸಂಜೆ ಧಾರವಾಡದಲ್ಲಿ ರೈಲು ಹತ್ತಿದಾಗ ನನ್ನ ಜೊತೆಗಿದ್ದದ್ದು ಹತ್ತು ದಿನದ ರಜೆ, ಸೊಂಟಕ್ಕೆ ಕಟ್ಟುವ ಪಟ್ಟಿ, ತಂಗಿಗೆಂದು ತೆಗೆದುಕೊಂಡ ಎರಡು ಡಬ್ಬಿ ಪೇಢೆ. ಬಿಡಲು ಬಂದ ನನ್ನ ಗಂಡ ಶ್ರೀಧರ ಕಿಟಕಿಯ ಹೊರಗೆ ನಿಂತು, ‘ಮೇಲಿನ ಬರ್ತ್ ಹತ್ತಬ್ಯಾಡ, ಯಾರಿಗಾದರೂ ಹೇಳಿ ಕೆಳಗಿಂದು ತಗೋ’ ಎಂದು ಮೂರು ಸಲ ಹೇಳಿದರು.

ನಾನು ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಇಪ್ಪತ್ತಾರು ವರ್ಷ ಸೈಕಲ್ಲಿನಲ್ಲೇ ಹೋಗಿ ಬಂದವಳು. ಎರಡು ವರ್ಷದ ಹಿಂದೆ ಬೆನ್ನಿನ ಆಪರೇಶನ್ ಆಯಿತು. ಡಾಕ್ಟರು ನಡೆಯಬಹುದು, ಕೆಲಸಕ್ಕೂ ಹೋಗಬಹುದು ಎಂದರು. ಮುಂದಕ್ಕೆ ಬಾಗಿ ತುಳಿಯುವ ಸೈಕಲ್ಲು ಮಾತ್ರ ಬೇಡವೆಂದರು. ಅಂದಿನಿಂದ ಶ್ರೀಧರ ಬೆಳಿಗ್ಗೆ ಕಾರಿನಲ್ಲಿ ಬಿಡುತ್ತಾರೆ, ಸಂಜೆ ಕರೆತರುತ್ತಾರೆ. ಒಂದು ದಿನವೂ ಮುಖ ಗಂಟಿಕ್ಕಿದವರಲ್ಲ. ಆದರೆ ಎಲ್ಲಿಗೆ ಹೋಗಬೇಕಾದರೂ ಯಾರಿಗಾದರೂ ಹೇಳಿಯೇ ಹೋಗಬೇಕಾದ ಬದುಕು ಒಳಗೊಳಗೇ ನನ್ನನ್ನು ಸಣ್ಣವಳನ್ನಾಗಿ ಮಾಡುತ್ತಿತ್ತು. ಅದನ್ನು ಅವರಿಗೆ ಹೇಳಿದರೆ ನೊಂದುಕೊಳ್ಳುತ್ತಾರೆಂದು ಹೇಳಿರಲಿಲ್ಲ.

ಹೀಗಿರುವಾಗ ಸಹೋದ್ಯೋಗಿಯೊಬ್ಬರು ಮುಲುಂಡಿನಲ್ಲಿರುವ ತಮ್ಮ ಸಂಬಂಧಿ ಪಾಟೀಲರ ವಿಡಿಯೊ ತೋರಿಸಿದರು. ಅರವತ್ತು ದಾಟಿದ ಮನುಷ್ಯ ಆರಾಮ ಕುರ್ಚಿಯಂಥ ಸೀಟಿಗೆ ಬೆನ್ನು ಒರಗಿಸಿ, ಕಾಲು ಮುಂದೆ ಚಾಚಿ, ಮುಂದಿನ ಗಾಲಿಗಿಂತಲೂ ಮುಂದಿರುವ ಪೆಡಲು ತುಳಿಯುತ್ತ ಹೋಗುತ್ತಿದ್ದರು. ಬೆನ್ನುನೋವಿಗಾಗಿಯೇ ಧಾರಾವಿಯ ಮಲ್ಲಪ್ಪ ಎಂಬ ವೆಲ್ಡರ್ ಕೈಲಿ ಮಾಡಿಸಿಕೊಂಡದ್ದಂತೆ. ನಾನು ವಿಡಿಯೊ ಒಯ್ದು ಡಾಕ್ಟರಿಗೆ ತೋರಿಸಿದೆ. ಅವರು ಎರಡು ಸಲ ನೋಡಿ, ‘ಇದರಾಗ ಬೆನ್ನಿಗೆ ಆಸರ ಅದ. ಅಡ್ಡಿ ಇಲ್ಲ. ಆದ್ರ ಅಳತಿ ಸರಿ ಇರಬೇಕು. ಅಳತಿ ತಪ್ಪಿದ್ರ ಇದ್ದ ಬೆನ್ನೂ ಹೋದೀತು’ ಎಂದರು. ನಾನು ಮೊದಲ ಮಾತನ್ನಷ್ಟೇ ಮನಸ್ಸಿಗೆ ತೆಗೆದುಕೊಂಡೆ.

ಸೋಮವಾರ ಬೆಳಿಗ್ಗೆ ದಾದರಿನಲ್ಲಿ ಇಳಿದಾಗ ರೈಲು ನಲವತ್ತು ನಿಮಿಷ ತಡವಾಗಿತ್ತು. ತಂಗಿ ಸುಮಾಳ ಮಗಳು ಮಾನಸಿ ಕರೆಯಲು ಬಂದಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ಮಾತ್ರ ನಡುನಡುವೆ ಹಿಂದಿಗೆ ಜಾರುತ್ತಾಳೆ. ‘ಮೌಶಿ, ಬ್ಯಾಗ್ ನನಗ ಕೊಡು. ತುಝೀ ಪಾಠ್...’ ಎಂದು ತಡವರಿಸಿ, ‘ಬೆನ್ನು, ಬೆನ್ನು’ ಎಂದು ನೆನಪಿಸಿಕೊಂಡಳು. ಹಿಂದಿಗಷ್ಟೇ ಅಲ್ಲ, ಮರಾಠಿಗೂ ಜಾರುತ್ತಾಳೆಂದು ಗೊತ್ತಾಯಿತು. ಗರ್ದಿಯೆಲ್ಲ ಎದುರಿನಿಂದ ಬರುವ ಲೋಕಲ್‌ಗಳಲ್ಲಿತ್ತು. ನಮಗೆ ಕುರ್ಲಾದವರೆಗೆ ಕೂಡಲು ಜಾಗ ಸಿಕ್ಕಿತು. ಅಲ್ಲಿ ಹಾರ್ಬರ್ ಲೈನಿಗೆ ಬದಲಿಸಿ ಚೆಂಬೂರು ಸೇರಿದೆವು.

ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಧಾರಾವಿಗೆ ಹೊರಟೆವು. ಸಯನ್ ಸ್ಟೇಷನ್ನಿನ ಪಶ್ಚಿಮಕ್ಕಿಳಿದು ಕಾಲು ಗಂಟೆ ನಡೆಯಬೇಕು. ಗಲ್ಲಿ ಒಳಗೆ ಹೋದಂತೆ ಕಿರಿದಾಗುತ್ತ ಹೋಯಿತು. ಎಡಕ್ಕೆ ಚರ್ಮದ ಪರ್ಸು ಹೊಲಿಯುವವರು, ಬಲಕ್ಕೆ ಪ್ಲಾಸ್ಟಿಕ್ ಡಬ್ಬಿ ತೊಳೆದು ಒಣಹಾಕುವವರು, ತಲೆಯ ಮೇಲೆ ಅಂಗೈಯಗಲದ ಆಕಾಶ. ಒಂದು ತಿರುವಿನಲ್ಲಿ ಸುಟ್ಟ ಕಬ್ಬಿಣದ ವಾಸನೆ ಬಂತು; ಅದೇ ಮಲ್ಲಪ್ಪನವರ ಅಂಗಡಿ. ಹತ್ತು ಅಡಿಗೆ ಹನ್ನೆರಡು ಅಡಿ ಇದ್ದೀತು. ಮೇಲಿನ ಅಟ್ಟದಲ್ಲಿ ಅವರೂ ಅವರ ಹೆಂಡತಿ ಶಾಂತವ್ವನೂ ವಾಸ. ಭಂಗಾರ, ಅಂದರೆ ಗುಜರಿ ಸಾಮಾನು, ಹೊರುವ ಕೈಗಾಡಿ, ಟ್ರಾಲಿ ಮಾಡುವುದು ಅವರ ದಿನದ ಕೆಲಸ.

‘ಬರ್ರಿ ಅಕ್ಕಾರ. ಧಾರವಾಡದಾಗ ಥಂಡಿ ಹೆಂಗೈತಿ?’ ಎಂದು ಮಲ್ಲಪ್ಪ ಕಪ್ಪು ಕನ್ನಡಕವನ್ನು ಹಣೆಗೇರಿಸಿದರು. ಗಿಡ್ಡ ಆಳು, ಬಿಳಿ ಕುರುಚಲು ಗಡ್ಡ. ಇಂಡಿ ಕಡೆಯ ಹಳ್ಳಿಯವರು. ಮುಂಬಯಿಗೆ ಬಂದು ಮೂವತ್ತೈದು ವರ್ಷವಾಯಿತಂತೆ. ಫೋನಿನಲ್ಲಿ ಮಾತಾದ ಮೇಲೆ ಅರ್ಧ ಕೆಲಸ ಮುಗಿಸಿಟ್ಟಿದ್ದರು. ಹಳೆಯ ಲೇಡೀಸ್ ಸೈಕಲ್ಲಿನ ಹಿಂಭಾಗ, ಗೇರು ಹಾಕಿದ ದೊಡ್ಡ ಹಿಂದಿನ ಗಾಲಿ, ಮಕ್ಕಳ ಸೈಕಲ್ಲಿನಂಥ ಚಿಕ್ಕ ಮುಂದಿನ ಗಾಲಿ, ಎರಡನ್ನೂ ಜೋಡಿಸುವ ಉದ್ದನೆಯ ಪೈಪು. ಆ ಪೈಪಿನ ಮೂತಿ ಚಿಕ್ಕ ಗಾಲಿಯನ್ನು ದಾಟಿ ಮುಂದೆ ಚಾಚಬೇಕು, ಅದರ ತುದಿಗೆ ಪೆಡಲು ಬರಬೇಕು. ಆ ಮೂತಿಯ ಉದ್ದ ಎಷ್ಟೆನ್ನುವುದೇ ಇಡೀ ಸೈಕಲ್ಲಿನ ಗುಟ್ಟು.

ಅಳತೆಗೆಂದು ನನ್ನನ್ನು ನೆಲಕ್ಕೆ ಚಾಪೆ ಹಾಸಿ ಕೂರಿಸಿದರು. ‘ಗ್ವಾಡಿಗೆ ಬೆನ್ನ ಹಚ್ಚಿ ಕುಂಡ್ರಿ. ಕಾಲ ಉದ್ದ ಚಾಚ್ರಿ. ಸೆಟೀಬ್ಯಾಡ್ರಿ.’ ಟೇಪನ್ನು ಗೋಡೆಯಿಂದ ನನ್ನ ಹಿಮ್ಮಡಿಯವರೆಗೆ ಎಳೆದು, ಕಣ್ಣಿಗೆ ಹತ್ತಿರ ತಂದು ನೋಡಿ, ‘ಮೂವತ್ತೆಂಟು’ ಎಂದರು. ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ 38 ಎಂದು ಬರೆದುಕೊಂಡರು. ಸೊಂಟದಗಲ, ಭುಜದೆತ್ತರ, ತೋಳಿನುದ್ದ ಎಲ್ಲವನ್ನೂ ಗೇಣು ಬೆರಳುಗಳಲ್ಲೇ ಅಳೆದರು. ಅನುಭವದ ಮನುಷ್ಯ ಎಂದು ನನಗೆ ಮೆಚ್ಚುಗೆಯಾಯಿತು. ‘ಬುಧವಾರ ಬರ್ರಿ. ಕೂತು ನೋಡಾಕ ರೆಡಿ ಇರತೈತಿ’ ಎಂದರು.

ಮಂಗಳವಾರ ಬಿಡುವಿತ್ತು. ಮಾನಸಿ ನನ್ನನ್ನು ಮುಲುಂಡಿಗೆ, ವಿಡಿಯೊದ ಪಾಟೀಲರ ಮನೆಗೆ ಕರೆದುಕೊಂಡು ಹೋದಳು. ಕುರ್ಲಾದಲ್ಲಿ ಗಾಡಿ ಬದಲಿಸಿ, ಸ್ಟೇಷನ್ನಿನ ಹೊರಗೆ ಬಿಸಿ ವಡಾಪಾವ್ ತಿಂದು, ಹತ್ತು ನಿಮಿಷ ನಡೆದೆವು. ಪಾಟೀಲರು ಬೆಳಗಾವಿಯವರು, ಬ್ಯಾಂಕಿನಿಂದ ನಿವೃತ್ತರು. ಬಿಲ್ಡಿಂಗಿನ ಅಂಗಳದಲ್ಲಿ, ಕಾರುಗಳ ನಡುವೆ, ತಮ್ಮ ಸೈಕಲ್ಲನ್ನು ತೊಳೆದು ನಿಲ್ಲಿಸಿಕೊಂಡು ಕಾಯುತ್ತಿದ್ದರು.

‘ಕೂಡ್ರಿ ಗಿರಿಜಾಬಾಯಿ, ಸಂಕೋಚ ಮಾಡಬ್ಯಾಡ್ರಿ. ವಾಚ್‌ಮನ್ ಹಿಡ್ಕೋತಾನ.’

ಪಾಟೀಲರು ಎತ್ತರದ ಆಳು, ನಾನು ಐದಡಿಗೆ ಒಂದಿಂಚು ಕಡಿಮೆ. ಅವರ ಪೆಡಲು ನನ್ನ ಕಾಲಿಗೆ ಎಟುಕಲೇ ಇಲ್ಲ. ಆದರೂ ಸೀಟಿಗೆ ಒರಗಿದೆ. ನಡುಬೆನ್ನಿನಿಂದ ಭುಜದವರೆಗೆ ಜಾಲರಿಯ ಸೀಟು ನನ್ನನ್ನು ಹಿಡಿದುಕೊಂಡಿತು. ಎರಡು ವರ್ಷದಿಂದ ನನ್ನ ಬೆನ್ನು ಕುರ್ಚಿಯಲ್ಲಿ, ಕಾರಿನಲ್ಲಿ, ಹಾಸಿಗೆಯಲ್ಲಿ ಕೂಡ ಸದಾ ಕಾವಲು ಕಾಯುತ್ತಲೇ ಇತ್ತು. ಅಂದು ಮೊದಲ ಸಲ ಅದು ಸುಮ್ಮನಾಯಿತು. ವಾಚ್‌ಮನ್ನನೂ ಮಾನಸಿಯೂ ಆಚೀಚೆ ಹಿಡಿದು ಗೇಟಿನವರೆಗೆ ದೂಡಿದರು. ನಾನು ಕಾಲೆತ್ತಿಕೊಂಡು ಕುಳಿತಿದ್ದೆ. ಕಣ್ಣು ತುಂಬಿ ಬಂತು. ಬಿಸಿಲು ಎಂದು ಹೇಳಿ ಒರೆಸಿಕೊಂಡೆ.

ಚಹಾ ಕುಡಿಯುವಾಗ ಪಾಟೀಲರು ಹೇಳಿದರು, ‘ಪೆಡಲ್ ಹತ್ತಿರಾದ್ರ ಮೊಣಕಾಲ ಮುಂದ ನೋಯತದ. ದೂರಾದ್ರ ಮೊಣಕಾಲ ಹಿಂದ. ಸೀಟು ಭಾಳ ಒರಗಿದ್ರ ಕುತ್ತಿಗಿ ಹಿಡೀತದ, ಭಾಳ ನೆಟ್ಟಗಾದ್ರ ಕುಂಡಿ. ನನಗ ಎಲ್ಲಾ ಸರಿ ಆಗ್ಲಿಕ್ಕೆ ನಾಕು ತಿಂಗಳು ಹತ್ತಿತ್ತು. ಮಲ್ಲಪ್ಪನ್ನ ಎಷ್ಟು ಕಾಡೀನೋ, ಒಂದು ದಿನಾನೂ ಬ್ಯಾಸರಾ ಮಾಡಿಕೊಳ್ಳಿಲ್ಲ ಅಂವ.’

ಅವರಿಗೆ ನಾಲ್ಕು ತಿಂಗಳು. ನನ್ನ ಬಳಿ ಇದ್ದದ್ದು ಒಂದು ವಾರ.

ಬುಧವಾರ ಹನ್ನೊಂದಕ್ಕೆ ಹೋದಾಗ ಸೈಕಲ್ಲು ಗಲ್ಲಿಯಲ್ಲಿ ನಿಂತಿತ್ತು. ಕೆಂಪು ಪ್ರೈಮರ್ ಬಳಿದು, ಪಕ್ಕದ ಚರ್ಮದ ಅಂಗಡಿಯವರ ಕೈಲಿ ಸೀಟು ಹೊಲಿಸಿ ಹಾಕಿದ್ದರು. ಸುತ್ತಲಿನ ಅಂಗಡಿಯವರೆಲ್ಲ ಕೆಲಸ ಬಿಟ್ಟು ಬಂದಿದ್ದರು. ‘ಖಾಟ್ ಸೈಕಲ್, ಖಾಟ್ ಸೈಕಲ್’ ಎಂದು, ಮಂಚದ ಸೈಕಲ್ಲೆಂದು, ಯಾರೋ ನಕ್ಕರು. ಸಂಭ್ರಮದಲ್ಲಿ ನಾನೂ ನಕ್ಕೆ.

ಕುಳಿತು ಪೆಡಲಿಗೆ ಕಾಲಿಟ್ಟ ಕೂಡಲೇ ಏನೋ ಸರಿಯಿಲ್ಲವೆನಿಸಿತು. ಬಲಗಾಲು ಪೂರ್ತಿ ಚಾಚಿದರೂ ಹೆಬ್ಬೆರಳ ತುದಿಯಷ್ಟೇ ಪೆಡಲಿಗೆ ತಾಗುತ್ತಿತ್ತು. ಮಾನಸಿ ಹಿಂದಿನಿಂದ ಹಿಡಿದುಕೊಂಡಳು, ನಾನು ತುಳಿದೆ. ಪ್ರತಿ ತುಳಿತಕ್ಕೂ ಸೊಂಟ ಎಡಕ್ಕೆ ಬಲಕ್ಕೆ ಹೊರಳಿ, ಮೈ ಸೀಟಿನಿಂದ ಕೆಳಗೆ ಜಾರುತ್ತಿತ್ತು. ಆಪರೇಶನ್ನಿನ ಗಾಯ ಇರುವ ಜಾಗದಲ್ಲೇ ಬೆನ್ನಿನ ಆಸರೆ ತಪ್ಪುತ್ತಿತ್ತು.

‘ಮಲ್ಲಪ್ಪಣ್ಣ, ಇದು ನನಗ ಉದ್ದ ಆಗೇದ.’

‘ಹೊಸಾದು ಅಕ್ಕಾರ, ಮೈಗೆ ಹೊಂದಬೇಕು. ಇನ್ನೆರಡು ಸುತ್ತು ಹಾಕ್ರಿ.’

ಇನ್ನೆರಡು ಸುತ್ತು ಹಾಕಿದೆ. ಮೂರನೆಯದರಲ್ಲಿ ಎದುರಿಗೆ ಕೈಗಾಡಿ ಬಂತು. ಬ್ರೇಕು ಹಿಡಿದು ಕಾಲೂರಲು ಹೋದೆ, ನೆಲ ಸಿಗಲಿಲ್ಲ. ಸೈಕಲ್ಲಿನ ಸಮೇತ ಎಡಕ್ಕೆ, ರಟ್ಟಿನ ಕಟ್ಟುಗಳ ಮೇಲೆ ಬಿದ್ದೆ. ಮೊಣಕೈ ತರಚಿತು, ಅದು ದೊಡ್ಡದಲ್ಲ. ಬೆನ್ನಿನಲ್ಲಿ ಮಿಂಚು ಹೊಡೆದಂತಾಗಿ ಒಂದು ಗಳಿಗೆ ಉಸಿರು ನಿಂತಿತು. ಕಾಲ್ಬೆರಳು ಅಲ್ಲಾಡಿಸಿ ನೋಡಿದೆ. ಅಲ್ಲಾಡಿದವು. ಆದರೂ ಏಳಲು ಧೈರ್ಯ ಬರದೆ ರಟ್ಟಿನ ಮೇಲೆಯೇ ಕುಳಿತಿದ್ದೆ.

ಮಲ್ಲಪ್ಪನವರ ಮುಖ ಬಿಳಿಚಿಕೊಂಡಿತ್ತು. ಆದರೂ, ‘ಅಳತಿ ಬರೋಬ್ಬರಿ ಐತ್ರಿ. ನಾ ಗ್ವಾಡಿ ಮ್ಯಾಲೆ ಬರದಿಟ್ಟೀನಿ’ ಎಂದರು.

‘ಬರೋಬ್ಬರಿ ಇದ್ರ ನನ್ನ ಕಾಲು ಯಾಕ ಮುಟ್ಟೂದಿಲ್ಲ? ನನಗ ಇನ್ನೊಂದು ಆಪರೇಶನ್ ಮಾಡಿಸ್ಕೊಳ್ಳೋ ತಾಕತ್ತಿಲ್ಲ’ ಎಂದೆ. ನನ್ನ ದನಿ ನನಗೇ ಕಟುವಾಗಿ ಕೇಳಿಸಿತು. ಅವರು ಬಾಗಿ, ಬಿದ್ದ ಸೈಕಲ್ಲನ್ನೆತ್ತಿ, ಕೈಯಿಂದ ಪೈಪು ಸವರುತ್ತ ನಿಂತರು.

ಚೆಂಬೂರಿಗೆ ಮರಳಿ ಬಿಸಿನೀರಿನ ಚೀಲ ಕಟ್ಟಿಕೊಂಡು ನೆಲಕ್ಕೆ ಮಲಗಿದೆ. ಸಂಜೆ ಶ್ರೀಧರರ ಫೋನು ಬಂತು. ಬಿದ್ದೆನೆಂದು ಹೇಳಲಿಲ್ಲ, ‘ಬಣ್ಣ ಹಚ್ಚಾಕ ಹತ್ಯಾರ’ ಎಂದೆ. ಸುಮಾ ಎಲ್ಲವನ್ನೂ ಕೇಳಿಸಿಕೊಂಡವಳು ತಲೆಯ ಬಳಿ ಕುಳಿತು, ‘ಬಿಟ್ಟುಬಿಡು ಅಕ್ಕಾ. ಭಾವ ನಿನ್ನ ಹೂವಿನಂಗ ನೋಡ್ಕೋತಾರ, ಸೈಕಲ್ ಯಾಕ ಬೇಕು?’ ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಅದಕ್ಕೇ ಅಳು ಬಂತು.

ಗುರುವಾರ ಬೆಳಿಗ್ಗೆ ಬೆನ್ನು ಹಗುರಾಗಿತ್ತು. ಸೈಕಲ್ಲು ಬೇಡವೆಂದು ಹೇಳಿ ಬರೋಣವೆಂದು ಮಾನಸಿಯ ಜೊತೆ ಹೊರಟೆ. ಮಲ್ಲಪ್ಪ ಅಂಗಡಿಯಲ್ಲಿರಲಿಲ್ಲ. ಶಾಂತವ್ವ ಚಾಪೆ ಹಾಸಿ, ‘ರಾಡ್ ತರಾಕ ಹೋಗ್ಯಾರ, ಕುಂಡ್ರಿ ಅಕ್ಕಾ, ಈಗ ಬರ್ತಾರ’ ಎಂದು ಚಹಾ ಕೊಟ್ಟರು. ನಾನು ಸೋಮವಾರದ ಜಾಗದಲ್ಲೇ ಗೋಡೆಗೊರಗಿ ಕಾಲು ಚಾಚಿ ಕುಳಿತೆ. ಮಾನಸಿ ಗೋಡೆಯ ಮೇಲಿನ ಅಂಕಿ ನೋಡಿದಳು. ಆಮೇಲೆ ಮೊಳೆಗೆ ತೂಗುಹಾಕಿದ್ದ ಟೇಪು ತೆಗೆದು, ಸುಮ್ಮನೆ ನನ್ನ ಹಿಮ್ಮಡಿಯವರೆಗೆ ಎಳೆದಳು.

‘ಮೌಶಿ, ಇದು ಥರ್ಟಿ ಸಿಕ್ಸ್ ಅದ.’

‘ಸರಿಯಾಗಿ ನೋಡು.’

‘ಎರಡು ಸಲ ನೋಡ್ದೆ. ಥರ್ಟಿ ಸಿಕ್ಸ್.’

ಎರಡು ಇಂಚು. ನನ್ನ ಹಿಮ್ಮಡಿ ಪೆಡಲಿಗೆ ಎಟುಕದಿದ್ದ ಎರಡು ಇಂಚು. ಶಾಂತವ್ವ ಚಹಾದ ಕಪ್ಪನ್ನು ನೆಲಕ್ಕಿಟ್ಟರು. ಅಷ್ಟರಲ್ಲಿ ಮಲ್ಲಪ್ಪ ಬಾಗಿಲಲ್ಲಿ ಬಂದು ನಿಂತಿದ್ದರು. ಮಾತು ಅವರ ಕಿವಿಗೆ ಬಿದ್ದಿತ್ತು. ಶಾಂತವ್ವನೇ ಗಂಡನ ಕಡೆ ನೋಡದೆ ಹೇಳಿದರು: ‘ಇವರಿಗೆ ಕಣ್ಣು ಕಾಣಂಗಿಲ್ಲ ಅಕ್ಕಾ. ವರ್ಷ ಆತು. ಯಾರ ಮುಂದೂ ಹೇಳಬ್ಯಾಡ ಅಂತ ನನ್ನ ಬಾಯಿ ಕಟ್ಯಾರ.’

ಮಲ್ಲಪ್ಪ ರಾಡಿನ ಪೊಟ್ಟಣ ಕೆಳಗಿಟ್ಟು, ಹೊಸ್ತಿಲ ಮೇಲೆಯೇ ಕುಳಿತರು. ‘ಎಲ್ಲಾ ಮಂಜು ಮಂಜು ಕಾಣತೈತ್ರಿ. ಆರು, ಎಂಟು ನನಗ ಒಂದ ನಮೂನಿ ಕಂಡ್ವು. ನಿನ್ನೆ ನೀವು ಬಿದ್ದಾಗನ ನನಗ ಗೊತ್ತಾತು, ಅಳತಿ ತಪ್ಪೇತಿ ಅಂತ. ಬಾಯಿ ಬಿಡಾಕ ಆಗಲಿಲ್ಲ. ಕಣ್ಣಿಲ್ಲದ ವೆಲ್ಡರ್ ಹತ್ರ ಯಾರು ಬರ್ತಾರ್ರಿ?’

ಹೇಳಬೇಕೆಂದು ತಂದ ಮಾತು ನನ್ನ ಬಾಯಲ್ಲೇ ಉಳಿಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬೆನ್ನುನೋವು ಶುರುವಾದ ವರ್ಷ ನಾನೂ ಎಂಟು ತಿಂಗಳು ಯಾರಿಗೂ ಹೇಳಿರಲಿಲ್ಲ. ಪುಸ್ತಕದ ಗಂಟುಗಳನ್ನು ಎತ್ತುತ್ತಲೇ ಇದ್ದೆ; ಕೈಲಾಗದವಳೆಂದು ಬೇರೆ ಕಡೆ ಹಾಕಿಬಿಟ್ಟಾರೆಂಬ ಹೆದರಿಕೆ. ಮುಚ್ಚಿಟ್ಟದ್ದಕ್ಕೇ ಅದು ಆಪರೇಶನ್ನಿನವರೆಗೆ ಹೋಯಿತು. ಅದನ್ನೇ ಅವರಿಗೆ ಹೇಳಿದೆ. ಅವರು ತಲೆ ತಗ್ಗಿಸಿಕೊಂಡೇ ಕೇಳಿದರು.

ಆದರೆ ಮಾನಸಿ ಕೇಳಬೇಕಾದ್ದನ್ನು ಕೇಳಿದಳು. ‘ಕಾಕಾ, ಕಣ್ಣು ಕಾಣಲ್ಲ ಅಂದ್ರೆ ವೆಲ್ಡಿಂಗ್? ಅದು ಸೇಫ್ ಅದಾ? ಮೌಶಿ ಇದರ ಮ್ಯಾಲೆ ರೋಡಿಗೆ ಹೋಗ್ತಾಳ.’

ಮಲ್ಲಪ್ಪ ತಮ್ಮ ಕೈ ನೋಡಿಕೊಂಡರು. ಆಮೇಲೆ ಎದ್ದು ಗಲ್ಲಿ ದಾಟಿ, ಎದುರಿನ ವೆಲ್ಡಿಂಗ್ ಅಂಗಡಿಯ ಇಕ್ಬಾಲನನ್ನು ಕರೆತಂದರು. ಅವನು ಮೂವತ್ತೈದರ ಪ್ರಾಯದವನು, ಇವರದೇ ಗಿರಾಕಿಗಳಲ್ಲಿ ಅರ್ಧ ಜನ ಈಚೆಗೆ ಅವನ ಕಡೆ ಹೋಗುತ್ತಿದ್ದರಂತೆ. ಅವನ ಮುಂದೆ ಮಲ್ಲಪ್ಪ ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದರು, ‘ಮೇರೀ ಆಂಖ್ ಖರಾಬ್ ಹೈ. ಯೇ ಸಬ್ ಜೋಡ್ ದೇಖ್ ಲೇ.’ ಕಣ್ಣು ಕೆಟ್ಟಿದೆ, ಬೆಸುಗೆಯನ್ನೆಲ್ಲ ನೋಡಿಕೊಡು ಎಂದು.

ಇಕ್ಬಾಲ್ ಕೂತು, ಟಾರ್ಚು ಹಿಡಿದು, ಒಂದೊಂದು ಬೆಸುಗೆಯನ್ನೂ ತಂತಿಬ್ರಷಿನಿಂದ ಉಜ್ಜಿ ನೋಡಿದ. ಸುತ್ತಿಗೆಯಿಂದ ತಟ್ಟಿ ಕೇಳಿಸಿಕೊಂಡ. ಸೀಟಿನ ಕೆಳಗಿನ ಒಂದು ಬೆಸುಗೆ ಬಿಟ್ಟರೆ ಉಳಿದವೆಲ್ಲ ಗಟ್ಟಿಯಿದ್ದವು. ‘ಚಾಚಾ, ಬಾಕೀ ಏಕದಮ್ ಪಕ್ಕಾ ಹೈ’ ಎಂದ. ಮಲ್ಲಪ್ಪ ಆ ಮಾತಿಗೆ ಮುಖ ಆಚೆ ತಿರುಗಿಸಿಕೊಂಡರು.

ಆಮೇಲೆ ತಾವೇ ಗರಗಸ ಹಿಡಿದು, ತಮ್ಮದೇ ಕೆಲಸವಾದ ಮೂತಿಯ ಪೈಪನ್ನು ಕತ್ತರಿಸಿ ತೆಗೆದರು. ಈ ಸಲ ಅದನ್ನು ಬೆಸೆಯುವುದಿಲ್ಲ ಎಂದರು. ದೊಡ್ಡ ಪೈಪಿನೊಳಗೆ ಸಣ್ಣ ಪೈಪು ಜಾರುವಂತೆ ಮಾಡಿ, ಮೇಲೆ ಎರಡು ಬೋಲ್ಟಿನ ಪಟ್ಟಿಯಿಂದ ಬಿಗಿಯುವುದು; ಸಡಿಲಿಸಿದರೆ ಪೆಡಲನ್ನು ಹಿಂದೆ ಮುಂದೆ ಸರಿಸಬಹುದು. ಸೀಟನ್ನು ಎರಡು ಬೆರಳು ತಗ್ಗಿಸುವುದು, ನನ್ನ ಕಾಲು ನೆಲ ಮುಟ್ಟುವಂತೆ. ಯೋಚನೆಯೆಲ್ಲ ಮಲ್ಲಪ್ಪನವರದು, ಸೀಟಿನ ಕೆಳಗಿನ ಸಡಿಲ ಬೆಸುಗೆಯೂ ಸೇರಿ ಬೆಂಕಿಯ ಕೆಲಸ ಇಕ್ಬಾಲನದು, ಟೇಪು ಓದುವುದು ಶಾಂತವ್ವನದು. ಅವರು ಮೂರನೆಯ ಇಯತ್ತೆಯವರೆಗೆ ಓದಿದ್ದರಂತೆ. ಪ್ರತಿ ಅಂಕಿಯನ್ನೂ ದೊಡ್ಡದಾಗಿ, ಎರಡೆರಡು ಸಲ ಹೇಳುತ್ತಿದ್ದರು. ಮಧ್ಯಾಹ್ನ ಎಲ್ಲರಿಗೂ ಜೋಳದ ರೊಟ್ಟಿ, ಪುಂಡಿ ಪಲ್ಯ ಬಡಿಸಿದರು. ಇಕ್ಬಾಲ್ ಮೂರು ರೊಟ್ಟಿ ತಿಂದ.

ಶುಕ್ರವಾರ ಇಡೀ ದಿನ ಹೊಂದಿಸುವುದೇ ಆಯಿತು. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಂಥ ಸೈಕಲ್ಲು ಪೂರ್ತಿಯಾಗುವುದೇ ಇಲ್ಲಿ. ಮೂವತ್ತಾರಕ್ಕೆ ಇಟ್ಟಾಗ ಹಿಮ್ಮಡಿ ಪೆಡಲಿನ ಮೇಲೆ ಸಲೀಸಾಗಿ ಕೂತಿತು, ಸೊಂಟ ಹೊರಳುವುದು ನಿಂತಿತು. ಗಲ್ಲಿಯಲ್ಲಿ ಹತ್ತು ಸುತ್ತು ಹಾಕಿದ ಮೇಲೆ ಮೊಣಕಾಲ ಚಿಪ್ಪಿನ ಕೆಳಗೆ ಸಣ್ಣಗೆ ನೋವು. ಮಲ್ಲಪ್ಪ ಕೂತು, ನನ್ನ ಮೊಣಕಾಲ ಹತ್ತಿರ ಕೈ ಹಿಡಿದು, ‘ತುಳೀರಿ’ ಎಂದರು. ಕಾಲು ಎಷ್ಟು ಮಡಚುತ್ತದೆಂದು ಅಂಗೈಯಲ್ಲಿ ಅಂದಾಜು ಮಾಡಿದರು. ‘ಅರ್ಧ ಬೆರಳು ಮುಂದ ಹಾಕೂಣು.’ ಬೋಲ್ಟು ಸಡಿಲಿಸಿ, ಸರಿಸಿ, ಬಿಗಿದು, ಮತ್ತೆ ಹತ್ತು ಸುತ್ತು. ನೋವು ಹೋಯಿತು, ಕಾಲ್ಬೆರಳು ಜುಮ್ಮೆನ್ನತೊಡಗಿದವು. ಪಾದದ ಮುಂಗಾಲಿನಿಂದ ತುಳಿಯುವ ಬದಲು ಸ್ವಲ್ಪ ಹಿಂದಿನಿಂದ ತುಳಿಯಲು ಹೇಳಿದರು, ಜುಮ್ಮು ಕಡಿಮೆಯಾಯಿತು. ಸೀಟು ತುಂಬಾ ಒರಗಿದ್ದರಿಂದ ರಸ್ತೆ ನೋಡಲು ಕತ್ತೆತ್ತಬೇಕಾಗುತ್ತಿತ್ತು. ಅದನ್ನು ಮೂರು ಸಲ ನೆಟ್ಟಗೆ ಮಾಡಿ, ಒಂದು ಸಲ ಮತ್ತೆ ಹಿಂದಕ್ಕೆ ಬಿಟ್ಟರು. ಶಾಂತವ್ವ ಚರ್ಮದ ತುಂಡಿನೊಳಗೆ ಫೋಮು ತುಂಬಿ, ತಲೆಗೆ ಒಂದು ಪುಟ್ಟ ದಿಂಬು ಹೊಲಿದರು.

‘ಈಗ ಬೋಲ್ಟಿನ ಜಾಗಕ್ಕ ಬಣ್ಣದ ಗುರುತು ಹಾಕ್ರಿ, ಮರೀಬಾರದು’ ಎಂದೆ.

‘ಬ್ಯಾಡ್ರಿ’ ಎಂದರು ಮಲ್ಲಪ್ಪ. ‘ಮೈ ಇವತ್ತು ಇದ್ದಂಗ ಆರು ತಿಂಗಳಿಗೆ ಇರಂಗಿಲ್ಲ. ಬೆನ್ನು ಗಟ್ಟಿ ಆದಂಗ ನೀವ ಸರಿಸ್ಕೋತ ಹೋಗಬೇಕು. ಮೊಣಕಾಲು ಹೇಳತೈತಿ, ಕೇಳ್ರಿ.’

ನಾನು ಒಂದು ಷರತ್ತು ಹಾಕಿದೆ. ಶನಿವಾರ ಬೆಳಿಗ್ಗೆ ಅವರು ಕಣ್ಣು ತೋರಿಸಿಕೊಂಡು ಬಂದರೆ ಮಾತ್ರ ನಾನು ಸೈಕಲ್ಲು ರೋಡಿಗೆ ಇಳಿಸುತ್ತೇನೆ ಎಂದೆ. ಅವರು ನಕ್ಕು ತಪ್ಪಿಸಿಕೊಳ್ಳಲು ನೋಡಿದರು. ಶಾಂತವ್ವ ನಗಲಿಲ್ಲ. ಶನಿವಾರ ಗಂಡನ ಕೈ ಹಿಡಿದು ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಾಲ್ಕು ಗಂಟೆ ನಿಂತರು. ಎರಡೂ ಕಣ್ಣಿನಲ್ಲಿ ಮೋತಿಬಿಂದು, ಪೊರೆ ಬಂದಿತ್ತು. ಆಪರೇಶನ್ ಮಾಡಿದರೆ ಕಾಣುತ್ತದೆ ಎಂದು ಡಾಕ್ಟರು ಹೇಳಿ, ಬಲಗಣ್ಣಿಗೆ ಮುಂದಿನ ತಿಂಗಳ ತಾರೀಖು ಕೊಟ್ಟರು. ‘ಹೋಗೇ ಬಿಡತೈತಿ ಅಂತ ತಿಳಿದಿದ್ದೆ ಅಕ್ಕಾರ’ ಎಂದು ಮಲ್ಲಪ್ಪ ಚೀಟಿಯನ್ನು ನನ್ನ ಕೈಲಿಟ್ಟು ಇನ್ನೊಮ್ಮೆ ಓದಿಸಿದರು.

ರವಿವಾರ ಬೆಳಿಗ್ಗೆ ಆರೂವರೆಗೆ ಧಾರಾವಿಯಿಂದ ಚೆಂಬೂರಿಗೆ ಹೊರಟೆ. ಎಂಟು ಕಿಲೋಮೀಟರ್ ಇರಬಹುದು. ಮಂಜೂ ಧೂಳೂ ಬೆರೆತ ತಣ್ಣನೆಯ ಬೆಳಗು, ರಸ್ತೆ ಅರ್ಧ ಖಾಲಿ. ಸೈಕಲ್ಲು ಕೆಳಮಟ್ಟದ್ದಾದ್ದರಿಂದ ಬಸ್ಸು ಲಾರಿಯವರಿಗೆ ಕಾಣಲೆಂದು ಸೀಟಿನ ಹಿಂದೆ ಉದ್ದನೆಯ ಕೋಲಿಗೆ ಶಾಂತವ್ವನ ಹಳೆಯ ಕಿತ್ತಳೆ ಸೀರೆಯ ತುಂಡು ಕಟ್ಟಿದ್ದರು. ಮಾನಸಿ ಸ್ಕೂಟರಿನಲ್ಲಿ ಹಿಂದೆ. ಮಲ್ಲಪ್ಪ ಗಲ್ಲಿಯ ಬಾಯಿಯವರೆಗೆ ಬಂದು, ‘ಮೊದಲನೇ ತುಳಿತ ಜೋರು ಹಾಕ್ರಿ’ ಎಂದರು.

ಮೊದಲ ಅರ್ಧ ಕಿಲೋಮೀಟರ್ ನಾನು ಗಾಲಿಯನ್ನೇ ನೋಡುತ್ತಿದ್ದೆ, ಸೈಕಲ್ಲು ಹಾವಿನಂತೆ ಹೊರಳುತ್ತಿತ್ತು. ಕಣ್ಣೆತ್ತಿ ದೂರದ ಸಿಗ್ನಲ್ ನೋಡಿದೆ. ಅದು ತಾನಾಗಿ ನೆಟ್ಟಗಾಯಿತು. ಸಯನ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ ಎರಡೂ ಪಾದ ನೆಲಕ್ಕೆ ಚೆನ್ನಾಗಿ ಊರಿದವು. ಪಕ್ಕದ ಬಸ್ಸಿನ ಡ್ರೈವರ್ ಕಿಟಕಿಯಿಂದ ಬಗ್ಗಿ, ‘ತಾಈ, ಬರೇ ವಾಟತೇ ಕಾ?’ ಎಂದು ಮರಾಠಿಯಲ್ಲಿ ಕೇಳಿದ, ಹಾಯೆನಿಸುತ್ತದೆಯೇ ಎಂದು. ‘ಛಾನ್ ವಾಟತೇ’ ಎಂದೆ, ಬಹಳ ಹಾಯೆನಿಸುತ್ತದೆ ಎಂದು. ಸಿಗ್ನಲ್ ಬಿದ್ದಾಗ ಅವನು ಬಸ್ಸು ಬಿಡದೆ ಒಂದು ಗಳಿಗೆ ತಡೆದು, ಮೊದಲು ನನಗೆ ಹೋಗಲು ಕೈ ಮಾಡಿದ.

ಟ್ರಾಂಬೆ ಕಡೆಯ ರಸ್ತೆಯಲ್ಲಿ ಒಂದು ಏರು ಬಂತು. ಸಣ್ಣ ಗೇರಿಗೆ ಹಾಕಿ, ಬೆನ್ನನ್ನು ಸೀಟಿಗೆ ಒತ್ತಿ ತುಳಿದೆ. ಏದುಸಿರು ಬಂತು, ತೊಡೆ ಉರಿಯಿತು. ಬೆನ್ನು ಮಾತ್ರ ಸುಮ್ಮನಿತ್ತು. ಏರಿನ ನೆತ್ತಿಯಲ್ಲಿ ನಿಲ್ಲಿಸಿ ನೀರು ಕುಡಿದೆ. ಬಲ ಮೊಣಕಾಲು ಏನೋ ಹೇಳುತ್ತಿತ್ತು, ಹಿಂಬದಿಯಲ್ಲಿ. ಮಾನಸಿ ಸ್ಪ್ಯಾನರ್ ತೆಗೆದುಕೊಂಡು ಬಂದಳು. ‘ಕೊಡಿಲ್ಲಿ’ ಎಂದು ನಾನೇ ಬೋಲ್ಟು ಸಡಿಲಿಸಿ, ಒಂದು ಕೂದಲೆಳೆಯಷ್ಟು ಹಿಂದಕ್ಕೆಳೆದು ಬಿಗಿದೆ. ಏಳೂಕಾಲಿಗೆ ಚೆಂಬೂರು ಸೇರಿದೆವು. ಸುಮಾ ಬಾಲ್ಕನಿಯಲ್ಲಿ ನಿಂತಿದ್ದವಳು ಮೆಟ್ಟಿಲಿಳಿದು ಬಂದು, ನನ್ನ ಕೆನ್ನೆ ಹಿಡಿದು ನಕ್ಕಳು. ಆಮೇಲೆ ಮೂವರೂ ಸ್ಟೇಷನ್ನಿನ ಹತ್ತಿರ ಇಡ್ಲಿ ತಿನ್ನಲು ಹೋದೆವು.

ಸೋಮವಾರ ಸೈಕಲ್ಲನ್ನು ಪಾರ್ಸೆಲ್ಲಿಗೆ ಹಾಕಿದೆವು. ಪಾರ್ಸೆಲ್ ಕಚೇರಿಯ ಗುಮಾಸ್ತ ಅದನ್ನು ಎರಡು ಸುತ್ತು ಹಾಕಿ, ಇದು ವ್ಹೀಲ್‌ಚೇರೋ ಸೈಕಲ್ಲೋ, ಏನೆಂದು ಬರೆಯಲಿ ಎಂದು ಕೇಳಿದ. ಶಾಂತವ್ವನ ಜೊತೆ ಬೀಳ್ಕೊಡಲು ಬಂದಿದ್ದ ಮಲ್ಲಪ್ಪ ನನಗಿಂತ ಮೊದಲೇ, ‘ಸೈಕಲ್. ಸೈಕಲ್ ಲಿಖೋ’ ಎಂದರು. ಅವನು ಹಾಗೆಯೇ ಬರೆದ. ರೈಲು ಬಿಡುವಾಗ ಮಲ್ಲಪ್ಪ ಪ್ಲಾಟ್‌ಫಾರ್ಮಿನಲ್ಲಿ ಬೇರೆ ಯಾವುದೋ ಕಿಟಕಿಗೆ ಕೈ ಬೀಸುತ್ತಿದ್ದರು. ಶಾಂತವ್ವ ಅವರ ತೋಳು ಹಿಡಿದು ನನ್ನ ಕಡೆ ತಿರುಗಿಸಿದರು.

ಮಂಗಳವಾರ ಬೆಳಿಗ್ಗೆ ಧಾರವಾಡದಲ್ಲಿ ಒಳ್ಳೆಯ ಚಳಿ. ಶ್ರೀಧರ ಶಾಲು ಹೊದ್ದು ಬಂದಿದ್ದರು. ಸೈಕಲ್ಲನ್ನು ಕೆಳಗಿಳಿಸಿಕೊಂಡ ಮೇಲೆ ಸ್ಟೇಷನ್ನಿನ ಹೊರಗೆ, ಧಾರಾವಿಯ ಗಲ್ಲಿಯಲ್ಲಿ ಬಿದ್ದದ್ದನ್ನೂ, ಫೋನಿನಲ್ಲಿ ಸುಳ್ಳು ಹೇಳಿದ್ದನ್ನೂ ಹೇಳಿಬಿಟ್ಟೆ. ಕಾರಿನಲ್ಲಿ ಬಂದು ಹೋಗುವಾಗ ನನಗೆ ಏನನ್ನಿಸುತ್ತಿತ್ತೆಂಬುದನ್ನೂ ಹೇಳಿದೆ. ಅವರು ಸೀಟಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ ನಿಂತರು.

‘ಮೊದಲ ಹೇಳಬೇಕಿತ್ತು’ ಎಂದರು.

‘ಹೌದು’ ಎಂದೆ.

ನನ್ನ ಚೀಲಗಳನ್ನು ಕಾರಿನಲ್ಲಿಟ್ಟು ಬಂದು, ‘ಈಗ ನಾ ಮುಂದ ಹೋಗ್ಲೋ, ಹಿಂದ ಬರ್ಲೋ?’ ಎಂದು ಕೇಳಿದರು.

‘ನೀವು ಮನೀಗೆ ಹೋಗಿ ಚಹಾಕ್ಕ ಇಡ್ರಿ. ನಾ ಬರ್ತೀನಿ.’

ಅವರ ಕಾರು ತಿರುವಿನಲ್ಲಿ ಮರೆಯಾಯಿತು. ನಾನು ಒರಗಿ ಕುಳಿತು ಪೆಡಲು ಒತ್ತಿದೆ. ಬಿಸಿಲು ಆಗಷ್ಟೇ ರಸ್ತೆಗೆ ಇಳಿಯುತ್ತಿತ್ತು, ಹತ್ತಿರದ ದಾರಿ ಬಿಟ್ಟು ಸುತ್ತಿನ ದಾರಿ ಹಿಡಿದೆ. ಮನೆ ಮುಟ್ಟಿದಾಗ ಚಹಾ ತಣ್ಣಗಾಗಿತ್ತು. ಶ್ರೀಧರ ಅದನ್ನು ಮತ್ತೆ ಬಿಸಿ ಮಾಡಿ ತಂದುಕೊಟ್ಟರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ.